ದೊಡ್ಡಸ್ವಾಮಿಯೋರ ಸೋಲು: ಮೈಸೂರು ಸೀಮೆಯಲ್ಲಿ ಅಬ್ಬೆ ದುಬ್ವಾ ಅವರ ಪ್ರಾರ್ಥನೆ, ಆರಾಧನೆ ಮತ್ತು ಸೇವೆ

ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಹೋಗುವ ಹಳೆಯ ದಾರಿ ಚನ್ನಪಟ್ಟಣ, ಮದ್ದೂರು, ಮಂಡ್ಯಗಳನ್ನು ಹಾದು ಸಾಗುತ್ತದೆ. 1800ರಲ್ಲಿ ಈ ದಾರಿಯಲ್ಲಿ ಪ್ರಯಾಣ ಮಾಡಿದ ಫ್ರಾನ್ಸಿಸ್ ಬುಕಾನನ್ ಊರೂರಿನ ಬೆಳೆ, ಬಾವಿ, ಜಾತಿ, ತೆರಿಗೆಗಳನ್ನು ದಾಖಲಿಸಿಟ್ಟದ್ದು ಈ ಭಾಗದ ಚರಿತ್ರೆಯನ್ನು ಅಭ್ಯಸಿಸುವವರೆಲ್ಲರಿಗೂ ಪರಿಚಿತವಾದ ಸಂಗತಿ. ಮದ್ದೂರಿಗೂ ಮಂಡ್ಯಕ್ಕೂ ನಡುವೆ ಇರುವ ಹನಕೆರೆ ಈ ಲೇಖಕನ ಊರು. ಅದೇ ವರ್ಷಗಳಲ್ಲಿ ಇದೇ ಸೀಮೆಯಲ್ಲಿ ಇನ್ನೊಬ್ಬ ಐರೋಪ್ಯರು ಓಡಾಡಿಕೊಂಡಿದ್ದರು. ಅವರು ಕಂಪನಿಯ ನೌಕರರಲ್ಲ, ಸೈನಿಕರೂ ಅಲ್ಲ. ಉದ್ದನೆಯ ಹತ್ತಿಯ ನಿಲುವಂಗಿ ತೊಟ್ಟು, ತಲೆಗೆ ರುಮಾಲು ಸುತ್ತಿ, ಕೈಯಲ್ಲಿ ಕೋಲು ಹಿಡಿದಿದ್ದ ಅವರನ್ನು ಜನ ದೊಡ್ಡಸ್ವಾಮಿಯೋರು ಎಂದು ಕರೆದರು. ಅವರ ಹೆಸರು ಜ್ಯಾಂ ಆಂತ್ವಾನ್ ದುಬ್ವಾ. ಕನ್ನಡದ ಬರವಣಿಗೆಯಲ್ಲಿ ಈ ಹೆಸರು ದುಬಾಯ್, ದುಬೋಯಿಸ್, ದ್ಯುಬುವಾ ಎಂದು ಹಲವು ರೂಪಗಳಲ್ಲಿ ಕಾಣಿಸಿಕೊಂಡಿದೆ. ಪ್ರಸ್ತುತ ಲೇಖನದಲ್ಲಿ ಫ್ರೆಂಚ್ ಉಚ್ಚಾರಣೆಗೆ ಹತ್ತಿರವಾದ ರೂಪವನ್ನು ಬಳಸಲಾಗಿದೆ. ಅಬ್ಬೆ ಎಂಬುದು ಹೆಸರಿನ ಭಾಗವಲ್ಲ. ಫ್ರಾನ್ಸಿನಲ್ಲಿ ಪಾದ್ರಿಗಳಿಗೆ ಸಲ್ಲುವ ಗೌರವದ ಸಂಬೋಧನೆ.

ದುಬ್ವಾ ಅವರನ್ನು ಕನ್ನಡದ ವಿದ್ವತ್ ವಲಯ ಬಲ್ಲದ್ದು ಬಹುಮಟ್ಟಿಗೆ ಒಂದು ಪುಸ್ತಕದ ಮೂಲಕ. ಹಿಂದೂಗಳ ನಡೆನುಡಿ, ಆಚಾರ ಹಾಗೂ ವಿಧಿಗಳನ್ನು ಕುರಿತ ಆ ಬೃಹತ್ ಗ್ರಂಥವನ್ನು ಎರಡು ಶತಮಾನಗಳಿಂದ ಸಮಾಜಶಾಸ್ತ್ರಜ್ಞರೂ ಚರಿತ್ರಕಾರರೂ ಒಪ್ಪುತ್ತಲೋ ಜಗಳವಾಡುತ್ತಲೋ ಬಳಸುತ್ತ ಬಂದಿದ್ದಾರೆ. ವಸಾಹತುಶಾಹಿ ಸಂಕಥನದ ಚರ್ಚೆಗಳಲ್ಲಂತೂ ಅವರ ಹೆಸರು ಮತ್ತೆ ಮತ್ತೆ ಬರುತ್ತದೆ. ಆದರೆ ಆ ಗ್ರಂಥವನ್ನು ಬರೆದವರು ಮೊದಲಿಗೆ ಒಬ್ಬ ಗುರು. ಪೂಜೆ ಅರ್ಪಿಸುವುದು, ಪಾಪನಿವೇದನೆ ಕೇಳುವುದು, ಮಕ್ಕಳಿಗೆ ಜ್ಞಾನಸ್ನಾನ ಕೊಡುವುದು, ಸತ್ತವರನ್ನು ಮಣ್ಣು ಮಾಡುವುದು ಅವರ ದಿನನಿತ್ಯದ ಕೆಲಸವಾಗಿತ್ತು. ಈ ಕೆಲಸದ ಕೊನೆಯಲ್ಲಿ ಅವರು ತಲುಪಿದ ತೀರ್ಮಾನ ತಾವು ಸೋತೆವು ಎಂಬುದು. ಆ ತೀರ್ಮಾನವನ್ನು ಬಹಿರಂಗವಾಗಿ ಅಚ್ಚು ಮಾಡಿಸಿದ ಪಾದ್ರಿಗಳು ಅಪರೂಪ. ಅವರ ಜೀವನವನ್ನು ಈ ಸೋಲಿನ ನೆಲೆಯಿಂದ ಮತ್ತೊಮ್ಮೆ ಓದುವುದು, ಆ ಸೋಲು ಯಾರದು ಎಂದು ಕೇಳಿಕೊಳ್ಳುವುದು ಈ ಲೇಖನದ ಉದ್ದೇಶ.

ದುಬ್ವಾ 1766ರಲ್ಲಿ ಫ್ರಾನ್ಸಿನ ದಕ್ಷಿಣ ಭಾಗದ ಆರ್ದೇಶ್ ಸೀಮೆಯ ಸೇಂ ರೆಮೇಜ್ ಎಂಬ ಹಳ್ಳಿಯಲ್ಲಿ ಜನಿಸಿದರು. 1792ರಲ್ಲಿ ವಿವಿಯೇ ಧರ್ಮಪ್ರಾಂತ್ಯದಲ್ಲಿ ಗುರುದೀಕ್ಷೆ ಪಡೆದು, ಪ್ಯಾರಿಸ್ಸಿನ ವಿದೇಶೀ ಮಿಷನ್ ಸಂಸ್ಥೆಯ ಮೂಲಕ ಅದೇ ವರ್ಷದ ಜೂನ್ 19ರಂದು ಭಾರತಕ್ಕೆ ಹೊರಟರು. ಅದು ಫ್ರೆಂಚ್ ಕ್ರಾಂತಿಯ ಕಾವೇರಿದ ಕಾಲ. ಹೊಸ ಸರ್ಕಾರಕ್ಕೆ ಪ್ರಮಾಣ ಮಾಡಲೊಪ್ಪದ ಪಾದ್ರಿಗಳು ದೇಶ ಬಿಡಬೇಕಾಗಿತ್ತು ಇಲ್ಲವೆ ತಲೆಮರೆಸಿಕೊಳ್ಳಬೇಕಾಗಿತ್ತು. ಕ್ರಾಂತಿಕಾರರ ಗುಂಡಿನಿಂದ ಕೂದಲೆಳೆಯಲ್ಲಿ ಪಾರಾಗಿ ಬಂದವರು ದುಬ್ವಾ ಎಂಬ ಕಥೆ ಮುಂದೆ ಇಂಗ್ಲಿಷ್ ಅಧಿಕಾರಿಗಳ ನಡುವೆ ಹಬ್ಬಿತು. ಆದರೆ ಪ್ಯಾರಿಸ್ಸಿನಲ್ಲಿ ಪಾದ್ರಿಗಳ ಸಾಮೂಹಿಕ ಕೊಲೆ ನಡೆದದ್ದು 1792ರ ಸೆಪ್ಟೆಂಬರಿನಲ್ಲಿ. ಆ ಹೊತ್ತಿಗೆ ಅವರು ಹೊರಟು ಎರಡು ತಿಂಗಳ ಮೇಲಾಗಿತ್ತು. ಕಥೆ ರೋಚಕವಾಗಿದೆ, ತಾರೀಖುಗಳು ಅದಕ್ಕೆ ಒದಗಿಬರುವುದಿಲ್ಲ.

ಮೊದಲ ಏಳು ವರ್ಷ ಅವರು ಪುದುಚೇರಿಯ ಮಿಷನ್ನಿಗೆ ಸೇರಿದವರಾಗಿ ತಮಿಳು ಸೀಮೆಯಲ್ಲಿ ದುಡಿದರು. ಆ ಮಿಷನ್ ಹಿಂದೆ ಯೇಸುಸಭೆಯವರದು. 1773ರಲ್ಲಿ ಪೋಪರು ಯೇಸುಸಭೆಯನ್ನೇ ವಿಸರ್ಜಿಸಿದ ಮೇಲೆ ಪ್ಯಾರಿಸ್ಸಿನ ಸಂಸ್ಥೆ ಅದರ ಹೊಣೆ ಹೊತ್ತಿತ್ತು. ಮೈಸೂರಿನ ಕ್ರೈಸ್ತ ಸಮುದಾಯವೂ ಯೇಸುಸಭೆಯವರು ನೆಟ್ಟ ಗಿಡವೇ. ಲಿಯೊನಾರ್ಡೊ ಚಿನ್ನಾಮಿ ಎಂಬ ಇಟಲಿಯ ಪಾದ್ರಿ ಹದಿನೇಳನೆಯ ಶತಮಾನದ ನಡುವಿನಲ್ಲಿ ಶ್ರೀರಂಗಪಟ್ಟಣಕ್ಕೆ ಬಂದು, ಕನ್ನಡ ಕಲಿತು, ಕನ್ನಡದಲ್ಲಿ ಧರ್ಮೋಪದೇಶದ ಬರೆಹಗಳನ್ನು ಸಿದ್ಧಪಡಿಸಿದ್ದರು. ರಾಬರ್ಟ್ ದೆ ನೊಬಿಲಿ ಮಧುರೆಯಲ್ಲಿ ಹಾಕಿಕೊಟ್ಟ ದಾರಿ ಮೈಸೂರಿಗೂ ಬಂದಿತ್ತು: ಸಂನ್ಯಾಸಿಯ ವೇಷ, ಮಾಂಸಮದ್ಯಗಳ ವರ್ಜನೆ, ಜಾತಿಯ ಕಟ್ಟುಗಳಿಗೆ ಎದುರಾಗದ ನಡೆ. ದುಬ್ವಾ ತೊಟ್ಟ ನಿಲುವಂಗಿ ಅವರ ಸ್ವಂತ ಕಲ್ಪನೆಯಾಗಿರದೆ ನೂರೈವತ್ತು ವರ್ಷಗಳ ಒಂದು ಪರಂಪರೆಯ ಉಡುಗೆಯಾಗಿತ್ತು ಎಂಬುದನ್ನು ಗಮನಿಸಬೇಕು.

1799ರ ಮಾರ್ಚ್ 27ರಂದು ಮಳವಳ್ಳಿಯ ಬಳಿ ಟಿಪ್ಪುವಿನ ಸೈನ್ಯಕ್ಕೂ ಜನರಲ್ ಹ್ಯಾರಿಸನ ಸೈನ್ಯಕ್ಕೂ ಕದನವಾಯಿತು. ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದಿತು, ಟಿಪ್ಪು ಮಡಿದನು. ಕೋಟೆಯ ಆಡಳಿತ ಕರ್ನಲ್ ಆರ್ಥರ್ ವೆಲ್ಲೆಸ್ಲಿಯ ಕೈಗೆ ಬಂತು. ಚದುರಿಹೋದ ಕ್ರೈಸ್ತ ಸಮುದಾಯವನ್ನು ಮತ್ತೆ ಒಂದುಗೂಡಿಸಲು ದುಬ್ವಾ ಅವರಿಗೆ ಕರೆ ಹೋದದ್ದು ಈ ಹೊತ್ತಿನಲ್ಲಿ. ಅವರು ಬಂದಾಗ ಈ ಸೀಮೆಯ ಸ್ಥಿತಿ ಹೇಗಿತ್ತು ಎಂಬುದನ್ನು ಊಹಿಸುವುದು ಕಷ್ಟವಲ್ಲ. ಶತ್ರುವಿಗೆ ಮೇವು, ಧಾನ್ಯ ಸಿಕ್ಕದಿರಲಿ ಎಂದು ಸುಟ್ಟ ಹೊಲಗಳು, ಸೈನ್ಯ ತುಳಿದುಹೋದ ಹಳ್ಳಿಗಳು. ಮಂಡ್ಯ ಜಿಲ್ಲೆ ಎಂದೊಡನೆ ಕಬ್ಬು, ಭತ್ತ, ನಾಲೆಯ ನೀರನ್ನು ನೆನೆಯುವ ನಮಗೆ ಆ ಚಿತ್ರ ತೀರ ಬೇರೆಯಾಗಿ ಕಂಡೀತು. ಕನ್ನಂಬಾಡಿ ಕಟ್ಟೆ ಕಟ್ಟುವುದಕ್ಕೆ ಇನ್ನೂ ನೂರು ವರ್ಷಕ್ಕೂ ಮಿಕ್ಕಿ ಕಾಲವಿತ್ತು.

ಕ್ರೈಸ್ತರ ಸ್ಥಿತಿ ಇನ್ನೊಂದು ಬಗೆಯದು. 1784ರಲ್ಲಿ, ಎರಡನೆಯ ಮೈಸೂರು ಯುದ್ಧ ಮುಗಿಯುತ್ತಿದ್ದಂತೆ, ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ ಕರಾವಳಿಯ ಕ್ಯಾಥೊಲಿಕರನ್ನು ಟಿಪ್ಪು ಸಾಮೂಹಿಕವಾಗಿ ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಬಹಳಷ್ಟು ಮಂದಿಯನ್ನು ಇಸ್ಲಾಮಿಗೆ ಸೇರಿಸಲಾಯಿತು. ಸಂಖ್ಯೆಯ ಬಗೆಗೆ ಚರಿತ್ರಕಾರರಲ್ಲಿ ಒಮ್ಮತವಿಲ್ಲ. ದುಬ್ವಾ ಅವರು ಅರುವತ್ತು ಸಾವಿರ ಎನ್ನುತ್ತಾರೆ. ಅದರ ಅರ್ಧದಷ್ಟೇ ಎನ್ನುವವರೂ ಇದ್ದಾರೆ. ಟಿಪ್ಪುವಿನ ಈ ಕ್ರಮವನ್ನು ಧರ್ಮದ್ವೇಷವೆಂದೋ ರಾಜ್ಯದ ಭದ್ರತೆಯ ಲೆಕ್ಕಾಚಾರವೆಂದೋ ಅರ್ಥೈಸುವ ವಾಗ್ವಾದಕ್ಕೆ ಇಲ್ಲಿ ಇಳಿಯುವ ಅಗತ್ಯವಿಲ್ಲ. ನಮ್ಮ ವಿಷಯಕ್ಕೆ ಮುಖ್ಯವಾದುದು, ಆ ಹದಿನೈದು ವರ್ಷ ಪೂಜೆ ಇಲ್ಲದೆ, ಪಾಪನಿವೇದನೆ ಇಲ್ಲದೆ, ಗುರುಗಳ ಮುಖ ಕಾಣದೆ ಒಂದು ಸಮುದಾಯ ಬದುಕಿತು ಎಂಬುದು. ಹೊರಗೆ ಬೇರೊಂದು ಹೆಸರು, ಬೇರೊಂದು ನಮಾಜು. ಒಳಗೆ ಏನಿತ್ತು?

ಕೋಟೆ ಬಿದ್ದ ಮೇಲೆ ಏನಾಯಿತು ಎಂಬುದು ಈ ಪ್ರಶ್ನೆಗೆ ಉತ್ತರ. ಧರ್ಮ ಬಿಟ್ಟವರಲ್ಲಿ ಅಪಾರ ಸಂಖ್ಯೆಯವರು ತಾವಾಗಿಯೇ ಮರಳಿ ಬಂದರು. ಮರಳಿಸಿಕೊಳ್ಳುವ ಕೆಲಸ ದುಬ್ವಾ ಅವರ ಪಾಲಿಗೆ ಬಂತು. ಕ್ಯಾಥೊಲಿಕ್ ಸಂಪ್ರದಾಯದಲ್ಲಿ ಧರ್ಮ ತೊರೆದವರನ್ನು ಮತ್ತೆ ಸೇರಿಸಿಕೊಳ್ಳುವುದು ಸರಳವಾದ ಮಾತಲ್ಲ. ಒಬ್ಬೊಬ್ಬರೂ ಗುರುವಿನ ಮುಂದೆ ಮೊಣಕಾಲೂರಿ ನಿವೇದಿಸಿಕೊಳ್ಳಬೇಕು, ಪ್ರಾಯಶ್ಚಿತ್ತ ಸಲ್ಲಿಸಬೇಕು. ನಡುವೆ ಆದ ಮದುವೆಗಳ ಸ್ಥಿತಿ ಏನು, ಹುಟ್ಟಿದ ಮಕ್ಕಳಿಗೆ ಯಾರಾದರೂ ನೀರು ಹಾಕಿ ಜ್ಞಾನಸ್ನಾನ ಕೊಟ್ಟಿದ್ದರೆ, ಸತ್ತವರಿಗಾಗಿ ಯಾರು ಜಪಿಸಿದರು ಎಂಬೆಲ್ಲ ಪ್ರಶ್ನೆಗಳೂ ಏಳುತ್ತವೆ. ದುಬ್ವಾ ಅವರು ಮೂವತ್ತಮೂರರ ಹರೆಯದಲ್ಲಿ, ಕೈಗೊಬ್ಬರು ಸಹಾಯಕರೂ ಸಾಲದ ಪರಿಸ್ಥಿತಿಯಲ್ಲಿ, ಇಂಥ ಜನರ ಮಾತನ್ನು ದಿನಗಟ್ಟಲೆ ಕೇಳಿದರು.

ಆದರೆ ಮುಂದೆ ಈ ಸಂಗತಿಯನ್ನು ಬರೆಯುವಾಗ ಅವರ ಲೇಖನಿಯಿಂದ ಹೊರಟದ್ದು ಕರುಣೆಗಿಂತ ಮಿಗಿಲಾಗಿ ನಾಚಿಕೆ. ಅಷ್ಟು ಸಾವಿರ ಜನರಲ್ಲಿ ನಂಬಿಕೆಗಾಗಿ ಪ್ರಾಣ ಕೊಡುವ ಧೈರ್ಯ ಒಬ್ಬರಿಗೂ ಬರಲಿಲ್ಲ ಎಂಬ ಅರ್ಥದ ಮಾತನ್ನು ಅವರು ಆಡುತ್ತಾರೆ. ಇಲ್ಲಿ ಅವರೊಡನೆ ಜಗಳವಾಡದೆ ಇರಲಾಗುವುದಿಲ್ಲ. ರಕ್ತಸಾಕ್ಷಿತ್ವವನ್ನೇ ಭಕ್ತಿಯ ಏಕೈಕ ಅಳತೆಗೋಲಾಗಿ ಹಿಡಿದರೆ, ಹದಿನೈದು ವರ್ಷ ಮನಸ್ಸಿನೊಳಗೆ ಜಪಸರದ ಮಣಿಗಳನ್ನು ಎಣಿಸಿಕೊಂಡು, ಅವಕಾಶ ಸಿಕ್ಕಿದ ಮೊದಲ ದಿನವೇ ಪಾದ್ರಿಯನ್ನು ಹುಡುಕಿಕೊಂಡು ಬಂದವರ ಭಕ್ತಿಗೆ ಹೆಸರೇ ಇಲ್ಲದಂತಾಗುತ್ತದೆ. ಅವರು ಮರಳದೆ ಇರಬಹುದಿತ್ತು. ಯಾರೂ ಬಲವಂತ ಮಾಡುವವರಿರಲಿಲ್ಲ. ದುಬ್ವಾ ಅವರು ಸ್ವತಃ ಕ್ರಾಂತಿಯ ಫ್ರಾನ್ಸನ್ನು ಬಿಟ್ಟು ಬಂದವರು. ಅಲ್ಲಿಯೂ ಜೀವ ಉಳಿಸಿಕೊಳ್ಳಲು ಪ್ರಮಾಣ ಮಾಡಿದ ಪಾದ್ರಿಗಳು ಸಾವಿರಾರು ಮಂದಿ ಇದ್ದರು ಎಂಬುದನ್ನು ಅವರು ಈ ಸಂದರ್ಭದಲ್ಲಿ ನೆನೆದಂತೆ ಕಾಣುವುದಿಲ್ಲ.

ಮರಳಿ ಬಂದವರಿಗೆ ಬೇಕಾದದ್ದು ಪೂಜೆ ಮಾತ್ರವಲ್ಲ, ನೆಲವೂ ಹೌದು. ಹಾಸನದ ಬಳಿಯ ಸಾತಳ್ಳಿಯಲ್ಲಿ ದುಬ್ವಾ ಅವರು ಕ್ರೈಸ್ತ ಕುಟುಂಬಗಳ ಬೇಸಾಯದ ನೆಲೆಯೊಂದನ್ನು ಏರ್ಪಡಿಸಿದರು. ನಿರಾಶ್ರಿತರಿಗೆ ಭೂಮಿ, ಎತ್ತು, ಬಿತ್ತನೆಯ ಬೀಜ ದೊರಕದಿದ್ದರೆ ಪ್ರಾರ್ಥನೆ ನಿಲ್ಲುವುದಿಲ್ಲ ಎಂಬ ಲೌಕಿಕ ವಿವೇಕ ಅವರಲ್ಲಿತ್ತು. ಶ್ರೀರಂಗಪಟ್ಟಣದಲ್ಲಿ ಅವರ ಹೆಸರಿನೊಡನೆ ಗುರುತಿಸುವ ದೇವಾಲಯ ಇಂದಿಗೂ ಇದೆ. ಹಾಸನದ ಶೆಟ್ಟಿಹಳ್ಳಿಯಲ್ಲಿ ಹೇಮಾವತಿಯ ಹಿನ್ನೀರಿನಲ್ಲಿ ಮುಳುಗೇಳುವ ಚರ್ಚನ್ನೂ ಅವರೇ ಕಟ್ಟಿಸಿದರೆಂದು ಪ್ರವಾಸಿ ಬರೆಹಗಳು ಹೇಳುವುದುಂಟು. ಅದು 1860ರ ಸುಮಾರಿಗೆ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಕಟ್ಟಡ. ದುಬ್ವಾ ತೀರಿಕೊಂಡು ಆಗಲೇ ಹತ್ತು ವರ್ಷ ಮೀರಿತ್ತು.

ಅವರು ನಡೆಸುತ್ತಿದ್ದ ಆರಾಧನೆಯ ಸ್ವರೂಪವನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡಬೇಕು. ಪೂಜೆ ಲ್ಯಾಟಿನ್ನಿನಲ್ಲಿ. ಅದು ಬದಲಾದದ್ದು 1960ರ ದಶಕದ ಎರಡನೆಯ ವ್ಯಾಟಿಕನ್ ಮಹಾಸಭೆಯ ಅನಂತರವೇ. ಜನ ಹೇಳುತ್ತಿದ್ದ ಜಪಗಳು ಮಾತ್ರ ಅವರವರ ಭಾಷೆಯಲ್ಲಿ. ಊರೂರಿಗೆ ಗುರುಗಳಿಲ್ಲದ ಕಾಲದಲ್ಲಿ ಆ ಜಪಗಳನ್ನು ಬಾಯಿಪಾಠ ಮಾಡಿಸಿ, ಭಾನುವಾರ ಜನರನ್ನು ಸೇರಿಸುತ್ತಿದ್ದವರು ಉಪದೇಶಿಗಳು. ಹಬ್ಬ ಬಂದರೆ ಇನ್ನೊಂದು ಸಂಭ್ರಮ. ಸಂತರ ಮತ್ತು ಮರಿಯಮ್ಮನವರ ಪ್ರತಿಮೆಗಳನ್ನು ಹೂವು, ಆಭರಣಗಳಿಂದ ಸಿಂಗರಿಸಿ, ರಾತ್ರಿಯ ಹೊತ್ತು ತೇರಿನ ಮೇಲೆ ಕೂರಿಸಿ, ತಮಟೆ ಕೊಂಬು ಕಹಳೆಗಳೊಡನೆ, ಬಾಣಬಿರುಸುಗಳ ಬೆಳಕಿನಲ್ಲಿ ಮೆರವಣಿಗೆ ಹೊರಡಿಸುತ್ತಿದ್ದರು. ದುಬ್ವಾ ಅವರಿಗೆ ಇದು ಮುಜುಗರದ ವಿಷಯ. ಈ ಗದ್ದಲದಲ್ಲಿ ಭಕ್ತಿ ಎಲ್ಲಿದೆ ಎಂದು ಅವರಿಗನಿಸಿತ್ತು. ದೇವಸ್ಥಾನದ ರಥೋತ್ಸವಕ್ಕೂ ತಮ್ಮ ಜನರ ಮೆರವಣಿಗೆಗೂ ಹೆಚ್ಚಿನ ವ್ಯತ್ಯಾಸ ಉಳಿದಿಲ್ಲ ಎಂದು ಅವರು ಕೊರಗುತ್ತಾರೆ. ಹಾಗೆಂದು ಅದನ್ನು ನಿಲ್ಲಿಸುವುದು ಅವರಿಂದ ಸಾಧ್ಯವಾಗಲಿಲ್ಲ. ಅಷ್ಟೇ ಅಲ್ಲ, ಪ್ರಾಟೆಸ್ಟಂಟ್ ಮಿಷನರಿಗಳೊಡನೆ ವಾದಕ್ಕೆ ನಿಂತಾಗ ಅವರು ಇದೇ ಸಂಗತಿಯನ್ನು ತಮ್ಮ ಪರವಾಗಿ ತಿರುಗಿಸಿಕೊಳ್ಳುತ್ತಾರೆ: ಪ್ರತಿಮೆ, ಮೆರವಣಿಗೆ, ಧೂಪ, ಪವಿತ್ರ ಜಲಗಳುಳ್ಳ ಕ್ಯಾಥೊಲಿಕ್ ಆರಾಧನೆಗೇ ಈ ನೆಲದಲ್ಲಿ ಬೇರು ಬಿಡಲಾಗದಿದ್ದರೆ, ಬರಿಯ ಪುಸ್ತಕ ಮತ್ತು ಪ್ರವಚನವನ್ನು ನೆಚ್ಚಿದ ಆರಾಧನೆ ಹೇಗೆ ನಿಂತೀತು ಎಂಬುದು ಆ ವಾದದ ತಿರುಳು. ತಾವು ಒಪ್ಪದ ಒಂದು ಪದ್ಧತಿಯ ಬಲವನ್ನು ಅವರು ಗುರುತಿಸಿದ್ದರು. ಆ ಪದ್ಧತಿಯನ್ನು ಕಟ್ಟಿಕೊಂಡವರು ಜನರೇ ಎಂಬುದನ್ನು ಮಾತ್ರ ಗುರುತಿಸಲಿಲ್ಲ.

ಇನ್ನೊಂದು ಪ್ರಸಂಗ. ದಾರಿತಪ್ಪಿದ ಮಗನ ಸಾಮತಿಯನ್ನು ದುಬ್ವಾ ಒಮ್ಮೆ ತಮ್ಮ ಸಭೆಗೆ ವಿವರಿಸಿದರು. ಮಗ ಹಿಂದಿರುಗಿದಾಗ ತಂದೆ ಕೊಬ್ಬಿದ ಕರುವನ್ನು ಕೊಯ್ಯಿಸಿ ಔತಣ ಮಾಡಿಸುವುದು ಆ ಕಥೆಯ ಒಂದು ಘಟ್ಟ. ಉಪದೇಶ ಮುಗಿದ ಮೇಲೆ ಕೆಲವು ಕ್ರೈಸ್ತರು ಬಂದು, ಸ್ವಾಮಿಯೋರು ಕರುವಿನ ಮಾತೆತ್ತಿದ್ದು ಸರಿಯಾಗಲಿಲ್ಲ, ಕೇಳಿದ ಹೊರಗಿನವರು ನಮ್ಮ ಧರ್ಮವನ್ನು ಹೀನವೆಂದು ಭಾವಿಸುತ್ತಾರೆ, ಮುಂದೆ ಹೇಳುವಾಗ ಕುರಿಮರಿ ಎಂದು ಹೇಳಿ ಎಂದು ತಿಳಿಹೇಳಿದರು. ಈ ಪ್ರಸಂಗವನ್ನು ದುಬ್ವಾ ಅವರು ದಾಖಲಿಸುವುದು ತಮ್ಮ ಕೆಲಸದ ಅಸಾಧ್ಯತೆಗೆ ನಿದರ್ಶನವಾಗಿ. ಬೈಬಲ್ಲನ್ನು ಇದ್ದಕ್ಕಿದ್ದಂತೆ ಭಾಷಾಂತರಿಸಿ ಹಂಚುವವರಿಗೆ ಎಚ್ಚರಿಕೆಯಾಗಿ. ಆದರೆ ಅನುವಾದ ಅಧ್ಯಯನದ ದೃಷ್ಟಿಯಿಂದ ನೋಡುವ ನಮಗೆ ಇಲ್ಲಿ ಕಾಣುವುದು ಬೇರೆ. ಆ ಹೆಸರಿಲ್ಲದ ಕೇಳುಗರು ಗುರುವಿಗೆ ಅನುವಾದದ ಪಾಠ ಹೇಳುತ್ತಿದ್ದಾರೆ. ಕಥೆಯ ಕೇಂದ್ರ ಕರುವಿನಲ್ಲಿಲ್ಲ, ಮಗನ ಮರಳುವಿಕೆಯಲ್ಲಿದೆ ಎಂದು ಅವರಿಗೆ ಗೊತ್ತು. ಅವರಲ್ಲಿ ಎಷ್ಟೋ ಜನ ತಾವೇ ಮರಳಿ ಬಂದವರಾಗಿದ್ದಿರಬೇಕು.

ಕರುವಿನ ಮಾತು ಬಂದದ್ದರಿಂದ ಹಸುವಿನ ಸಂಗತಿಯನ್ನೂ ಹೇಳಬೇಕು. ಗೋವಿನ ಸಿಡುಬಿನ ಕೀವಿನಿಂದ ಮನುಷ್ಯರ ಸಿಡುಬನ್ನು ತಡೆಯಬಹುದೆಂದು ಎಡ್ವರ್ಡ್ ಜೆನ್ನರ್ 1798ರಲ್ಲಿ ಪ್ರಕಟಿಸಿದರು. ಆ ಲಸಿಕೆ 1802ರಲ್ಲಿ ಮುಂಬಯಿಯನ್ನು ತಲುಪಿತು. ಶೀತಲ ಪೆಟ್ಟಿಗೆಗಳಿಲ್ಲದ ಆ ಕಾಲದಲ್ಲಿ ಅದನ್ನು ಸಾಗಿಸುತ್ತಿದ್ದುದು ಮಕ್ಕಳ ತೋಳಿನಿಂದ ತೋಳಿಗೆ. ಒಂದು ಮಗುವಿಗೆ ಚುಚ್ಚಿ, ಎಂಟು ದಿನಕ್ಕೆ ಗುಳ್ಳೆ ಎದ್ದಾಗ ಅದರ ರಸವನ್ನು ಇನ್ನೊಂದು ಮಗುವಿಗೆ ಚುಚ್ಚುವುದು. ಇದರಲ್ಲಿ ಒಂದು ಜಾತಿಯ ಮಗುವಿನ ಮೈಯ ರಸ ಇನ್ನೊಂದು ಜಾತಿಯ ಮಗುವಿನ ಮೈಯನ್ನು ಸೇರುತ್ತಿತ್ತು. ಸಿಡುಬು ಎಂದರೆ ಅಮ್ಮ ಬಂದಳೆಂದು ಬೇವಿನ ಸೊಪ್ಪು ಕಟ್ಟಿ, ಮಾರಮ್ಮನಿಗೆ ತಂಬಿಟ್ಟಿನ ಆರತಿ ಹೊರುವ ಸೀಮೆ ಇದು. ಅಮ್ಮನನ್ನು ತಡೆಯುವುದೆಂದರೇನು? ಇಂಥ ಪರಿಸರದಲ್ಲಿ 1803–04ರಲ್ಲಿ ದುಬ್ವಾ ಅವರು ಮೈಸೂರು ಸೀಮೆಯಲ್ಲಿ ಲಸಿಕೆ ಹಾಕಿಸುವ ಕೆಲಸಕ್ಕೆ ಇಳಿದರು. ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಜನರಿಗೆ ಲಸಿಕೆ ಬಿದ್ದದ್ದು ಲೆಕ್ಕಕ್ಕೆ ಸಿಕ್ಕಿದೆ. ಅದೇ ಕಾಲಕ್ಕೆ ಮೈಸೂರಿನ ಅರಮನೆಯೂ ಲಸಿಕೆಯನ್ನು ಒಪ್ಪಿಕೊಂಡಿತು. 1805ರ ಸುಮಾರಿಗೆ ಥಾಮಸ್ ಹಿಕಿ ಬರೆದ ರಾಣಿಯರ ಚಿತ್ರವೊಂದರಲ್ಲಿ ಒಬ್ಬ ರಾಣಿ ಸೀರೆಯ ಸೆರಗು ಸರಿಸಿ ತೋಳು ತೋರಿಸುತ್ತಿರುವುದು ಲಸಿಕೆಯ ಪ್ರಚಾರಕ್ಕಾಗಿಯೇ ಎಂದು ಚರಿತ್ರಕಾರ ನೈಜೆಲ್ ಚಾನ್ಸಲರ್ ಅರ್ಥೈಸಿದ್ದಾರೆ.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬಹುದು. ಕರುವಿನ ಕಥೆಯನ್ನು ಕೇಳಲೊಪ್ಪದ ಸೀಮೆಯಲ್ಲಿ ಹಸುವಿನಿಂದ ಬಂದ ಮದ್ದನ್ನು ಸಾವಿರಾರು ತಾಯಂದಿರು ಮಕ್ಕಳ ತೋಳಿಗೆ ಹಾಕಿಸಿಕೊಂಡರು. ದುಬ್ವಾ ಅವರ ಧರ್ಮವನ್ನು ಬೇಡವೆಂದವರು ಅವರ ಕೈಯನ್ನು ನಂಬಿದರು. ನಿಲುವಂಗಿ, ಸಸ್ಯಾಹಾರ, ಜನರ ಭಾಷೆ ಇವೆಲ್ಲ ಮತಾಂತರಕ್ಕೆಂದು ಕಟ್ಟಿಕೊಂಡ ಸಾಧನಗಳಾಗಿದ್ದವು. ಅವು ಫಲ ಕೊಟ್ಟದ್ದು ಲಸಿಕೆಯಲ್ಲಿ. ನಮ್ಮ ಊರುಗಳಲ್ಲಿ ದಾಕು ಹಾಕುವುದು ಎಂಬ ಮಾತನ್ನು ಹಿರಿಯರು ಈಗಲೂ ಬಳಸುತ್ತಾರೆ. ಆ ಮಾತಿನ ಹಿಂದೆ ಎರಡು ಶತಮಾನಗಳ ನಡಿಗೆ ಇದೆ.

ಇನ್ನು ಆ ಪ್ರಸಿದ್ಧ ಗ್ರಂಥದ ಕಥೆ. ಫ್ರೆಂಚ್ ಭಾಷೆಯ ಹಸ್ತಪ್ರತಿಯನ್ನು ದುಬ್ವಾ ಅವರು ಮೈಸೂರಿನ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್‌ಗೆ ತೋರಿಸಿದರು. ಆತನ ಶಿಫಾರಸಿನ ಮೇಲೆ ಮದರಾಸಿನ ಗವರ್ನರ್ ವಿಲಿಯಂ ಬೆಂಟಿಂಕ್ ಕಂಪನಿಯ ಪರವಾಗಿ 1807ರಲ್ಲಿ ಎರಡು ಸಾವಿರ ಪಗೋಡಗಳಿಗೆ ಅದನ್ನು ಕೊಂಡನು. ಇಂಗ್ಲಿಷ್ ಅನುವಾದ 1816–17ರಲ್ಲಿ ಲಂಡನ್ನಿನಲ್ಲಿ ಹೊರಬಂತು. ಲೇಖಕರೇ ಪರಿಷ್ಕರಿಸಿದ ಫ್ರೆಂಚ್ ಆವೃತ್ತಿ 1825ರಲ್ಲಿ ಪ್ಯಾರಿಸ್ಸಿನಲ್ಲಿ ಅಚ್ಚಾಯಿತು. ಆ ಪರಿಷ್ಕೃತ ಪಾಠವನ್ನು ಆಧರಿಸಿ ಬ್ಯೂಷಾಂಪ್ ಮಾಡಿದ, 1897ರ ಇಂಗ್ಲಿಷ್ ಅನುವಾದವೇ ಇಂದು ನಮ್ಮ ಗ್ರಂಥಾಲಯಗಳಲ್ಲಿ ದೊರೆಯುವುದು. ಅದಕ್ಕೆ ಮ್ಯಾಕ್ಸ್ ಮ್ಯೂಲರರ ಪ್ರಶಸ್ತಿಯೂ ಸೇರಿಕೊಂಡಿತು.

ಆದರೆ ಫ್ರೆಂಚ್ ವಿದುಷಿ ಸಿಲ್ವಿಯಾ ಮ್ಯೂರ್ 1987ರಲ್ಲಿ ಪ್ರಕಟಿಸಿದ ಸಂಶೋಧನೆ ಈ ಚಿತ್ರವನ್ನೇ ಬದಲಿಸಿತು. ಯೇಸುಸಭೆಯ ಪಾದ್ರಿ ಕೇರ್ದೂ ಬರೆದಿದ್ದ, ದೆವೋ ಎಂಬ ಫ್ರೆಂಚ್ ಸೈನ್ಯಾಧಿಕಾರಿ 1777ರ ಹೊತ್ತಿಗೆ ಸಂಗ್ರಹಿಸಿದ್ದ ಬರೆಹವೊಂದು ಲಂಡನ್ನಿನ ಸಂಗ್ರಹದಲ್ಲಿ ಅವರಿಗೆ ದೊರೆಯಿತು. ದುಬ್ವಾ ಅವರ ಗ್ರಂಥದ ದೊಡ್ಡ ಭಾಗ ಅದರಿಂದ ಬಂದದ್ದೆಂದು ಮ್ಯೂರ್ ಪಾಠಗಳನ್ನು ಎದುರೆದುರು ಇಟ್ಟು ತೋರಿಸಿದರು. ಕೇರ್ದೂ 1779ರಲ್ಲಿಯೇ ತೀರಿಕೊಂಡವರು, ಅವರ ಅನುಭವ ಬಹುಪಾಲು ತೆಲುಗು ಮತ್ತು ತಮಿಳು ಸೀಮೆಗಳದು. ಆದ್ದರಿಂದ ದುಬ್ವಾ ಅವರ ಪುಟಗಳನ್ನು ಹತ್ತೊಂಬತ್ತನೆಯ ಶತಮಾನದ ಆರಂಭದ ಮೈಸೂರು ಸಮಾಜದ ನೇರ ಸಾಕ್ಷ್ಯವೆಂದು ಬಳಸುವ ನಮ್ಮ ರೂಢಿಯನ್ನು ಬಿಡಬೇಕಾಗುತ್ತದೆ. ಕನ್ನಡದ ಸಂಶೋಧನ ಪ್ರಬಂಧಗಳಲ್ಲಿ ಈ ಎಚ್ಚರ ಇನ್ನೂ ಸಾಕಷ್ಟು ಬಂದಿಲ್ಲ ಎಂಬುದು ಈ ಲೇಖಕನ ಅನಿಸಿಕೆ. ಕೃತಿಚೌರ್ಯವೆಂಬ ಇಂದಿನ ಪದವನ್ನು ಅಂದಿನ ಮಿಷನರಿ ಬರೆಹಕ್ಕೆ ಅನ್ವಯಿಸುವುದು ಎಷ್ಟು ಸರಿ ಎಂಬುದು ಬೇರೆಯದೇ ಚರ್ಚೆ. ಮಿಷನ್ನಿನ ಕಾಗದಪತ್ರಗಳು ಕೈಯಿಂದ ಕೈಗೆ ಹೋಗುವ ಸಮಾನ ಆಸ್ತಿಯಾಗಿದ್ದವು. ಆದರೂ ಹಣ ಪಡೆದು ಮಾರುವಾಗ ಮೂಲದ ಹೆಸರನ್ನು ಹೇಳದಿದ್ದುದು ನೆನಪಿನಲ್ಲಿ ಉಳಿಯುವ ಸಂಗತಿ.

ಗ್ರಂಥವನ್ನು ಬದಿಗಿಟ್ಟರೆ ದುಬ್ವಾ ಅವರ ಸ್ವಂತ ದನಿ ನಿಸ್ಸಂದೇಹವಾಗಿ ಕೇಳುವುದು ಅವರ ಪತ್ರಗಳಲ್ಲಿ. ಭಾರತದಲ್ಲಿ ಕ್ರೈಸ್ತಧರ್ಮದ ಸ್ಥಿತಿಯನ್ನು ಕುರಿತು 1815ರಿಂದ ಅವರು ಬರೆದ ಪತ್ರಗಳು 1823ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾದವು. ಹಿನ್ನೆಲೆ ಹೀಗಿದೆ: 1813ರ ಸನ್ನದು ಕಾಯಿದೆ ಮಿಷನರಿಗಳಿಗೆ ಬಾಗಿಲು ತೆರೆದಿತ್ತು. ಶ್ರೀರಾಂಪುರದ ಬ್ಯಾಪ್ಟಿಸ್ಟರು ಹತ್ತಾರು ಭಾಷೆಗಳಲ್ಲಿ ಬೈಬಲ್ ಅಚ್ಚು ಹಾಕುತ್ತಿದ್ದರು. ಬಳ್ಳಾರಿಯಲ್ಲಿ 1810ರಿಂದ ನೆಲೆಸಿದ್ದ ಜಾನ್ ಹ್ಯಾಂಡ್ಸ್ ಕನ್ನಡ ಬೈಬಲ್ಲಿನ ಕೆಲಸ ನಡೆಸಿದ್ದರು. ಇಂಗ್ಲೆಂಡಿನಲ್ಲಿ ಚಂದಾ ಎತ್ತುವ ಸಭೆಗಳು ತುಂಬಿ ತುಳುಕುತ್ತಿದ್ದವು. ಈ ಉತ್ಸಾಹದ ಮೇಲೆ ದುಬ್ವಾ ತಣ್ಣೀರು ಎರಚಿದರು. ಹಿಂದೂಗಳನ್ನು ಕ್ರೈಸ್ತರನ್ನಾಗಿಸುವುದು ಸಾಧ್ಯವಿಲ್ಲ. ಅದರ ಕಾಲ ಕಳೆದುಹೋಯಿತು. ದೇವರೇ ಈ ಜನರನ್ನು ಅವರ ಪಾಡಿಗೆ ಬಿಟ್ಟಿರಬಹುದು ಎಂಬವರೆಗೆ ಅವರ ಮಾತು ಹೋಗುತ್ತದೆ. ತಮ್ಮ ಸ್ವಂತ ಲೆಕ್ಕವನ್ನೂ ಮುಚ್ಚಿಡದೆ ಒಪ್ಪಿಸುತ್ತಾರೆ. ಇಷ್ಟು ವರ್ಷಗಳಲ್ಲಿ, ಒಬ್ಬ ದೇಶೀ ಪಾದ್ರಿಯ ನೆರವಿನಿಂದ, ತಾವು ಹೊಸದಾಗಿ ಧರ್ಮಕ್ಕೆ ತಂದವರು ಇನ್ನೂರರಿಂದ ಮುನ್ನೂರು ಮಂದಿ. ಅವರಲ್ಲಿ ಮೂರರಲ್ಲಿ ಎರಡು ಪಾಲು ಪರೆಯರು, ಭಿಕ್ಷುಕರು. ಉಳಿದವರು ಶೂದ್ರರು, ಅಲೆಮಾರಿಗಳು, ಜಾತಿಯಿಂದ ಹೊರಬಿದ್ದವರು. ಬಂದವರು ಬಂದದ್ದು ಮದುವೆಯ ಸಂಬಂಧಕ್ಕೋ ಬೇರೆ ಲಾಭಕ್ಕೋ ಎನ್ನುತ್ತಾರೆ. ಆ ದೇಶೀ ಪಾದ್ರಿಯ ಹೆಸರನ್ನು ಆ ಲೆಕ್ಕದಲ್ಲಿ ಅವರು ಹೇಳುವುದಿಲ್ಲ.

ಈ ಲೆಕ್ಕದ ಸಾಲುಗಳಲ್ಲಿ ಅವರ ದೃಷ್ಟಿಯ ಮಿತಿ ಎದ್ದು ಕಾಣುತ್ತದೆ. ಜಾತಿವ್ಯವಸ್ಥೆಯನ್ನು ಹಿಂದೂ ಸಮಾಜರಚನೆಯ ಅತ್ಯುತ್ತಮ ಸಾಧನೆಯೆಂದು ಹೊಗಳಿದವರು ದುಬ್ವಾ. ಅಸ್ಪೃಶ್ಯರ ಬಗೆಗೆ ಅವರ ಬರೆಹದಲ್ಲಿರುವ ತಾತ್ಸಾರ ಇಂದಿನ ಓದುಗರಿಗೆ ಅಸಹನೀಯವೆನಿಸುತ್ತದೆ. ಅವರ ಮನಸ್ಸಿನಲ್ಲಿ ಗೆಲುವೆಂದರೆ ಬ್ರಾಹ್ಮಣನೊಬ್ಬನ ಮತಾಂತರ. ಪರೆಯನೊಬ್ಬ ಬಂದರೆ ಅದು ಲೆಕ್ಕಕ್ಕೆ ಸೇರಿದರೂ ಗೆಲುವಿಗೆ ಸೇರುವುದಿಲ್ಲ. ಬಡವರಿಗೆ ಶುಭವಾರ್ತೆ ಎಂಬ ಮಾತನ್ನು ಪೂಜೆಯಲ್ಲಿ ಎದುರುಗೊಳ್ಳುವ ಗುರುವೊಬ್ಬರು, ಬಂದವರು ಬಡವರೇ ಎಂಬುದನ್ನು ಸೋಲಿನ ಪುರಾವೆಯಾಗಿ ಮುಂದಿಡುತ್ತಾರೆ. ನಿರ್ಗತಿಕರು ಅನ್ನಕ್ಕಾಗಿ, ಮದುವೆಗಾಗಿ, ಒಂದು ಕೂಟಕ್ಕೆ ಸೇರಿದವರೆನಿಸಿಕೊಳ್ಳುವುದಕ್ಕಾಗಿ ದೇವರ ಬಳಿಗೆ ಬಂದರೆ ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಮೇಲುಕೋಟೆಯ ಚೆಲುವರಾಯನಿಗೋ ಮಂಟೇಸ್ವಾಮಿಗೋ ಹರಕೆ ಹೊರುವ ನಮ್ಮ ರೈತರು ಮಳೆಗಾಗಿ, ಮಗುವಿಗಾಗಿಯೇ ಹೊರುತ್ತಾರೆ. ಅದು ಭಕ್ತಿಯಲ್ಲವೆಂದು ಯಾರೂ ಹೇಳಲಾರರು.

ಪತ್ರಗಳಿಗೆ ಪ್ರತಿಭಟನೆ ಬೇಗನೆ ಬಂತು. 1824ರಲ್ಲಿ ಜೇಮ್ಸ್ ಹಫ್ ಮತ್ತು ಹೆನ್ರಿ ಟೌನ್‌ಲಿ ಎಂಬ ಇಬ್ಬರು ಪ್ರಾಟೆಸ್ಟಂಟ್ ಪಾದ್ರಿಗಳು ಪುಸ್ತಕರೂಪದಲ್ಲಿಯೇ ಉತ್ತರ ಕೊಟ್ಟರು. ಆ ವಾಗ್ವಾದದ ಬಹುಪಾಲು ಇಂದು ಒಣಗಿದ ಹೊಳೆ. ಉಳಿಯುವ ಪ್ರಶ್ನೆ ಒಂದೇ. 1815ರಲ್ಲಿ ಈ ತೀರ್ಮಾನಕ್ಕೆ ಬಂದಿದ್ದ ಮನುಷ್ಯ ಮತ್ತೆ ಏಳು ವರ್ಷಕ್ಕೂ ಹೆಚ್ಚು ಕಾಲ ಇಲ್ಲಿಯೇ ಏಕೆ ಉಳಿದರು? ಹೊಸಬರು ಬರುವುದಿಲ್ಲವೆಂದು ಗೊತ್ತಿದ್ದೂ ಅವರು ಊರಿಂದೂರಿಗೆ ಹೋಗಿ ಪೂಜೆ ಅರ್ಪಿಸಿದರು, ರೋಗಿಗಳಿಗೆ ಅಂತ್ಯಾಭ್ಯಂಗ ಕೊಟ್ಟರು, ಗುರುಗಳಿಗೆ ಕಡ್ಡಾಯವಾದ ನಿತ್ಯಜಪವನ್ನು ಹೇಳಿದರು. ದೇವರು ಕೈಬಿಟ್ಟಿರಬಹುದೆಂದು ಅವರು ಬರೆದ ಜನರ ನಡುವೆಯೇ, ಆ ಜನರಿಗಾಗಿಯೇ ದೇವರನ್ನು ಪ್ರಾರ್ಥಿಸುತ್ತ ದಿನ ಕಳೆದರು. ಅವರ ಬರೆಹ ಒಂದನ್ನು ಹೇಳುತ್ತದೆ, ಅವರ ದಿನಚರಿ ಇನ್ನೊಂದನ್ನು. ಇವೆರಡರಲ್ಲಿ ದಿನಚರಿಯನ್ನೇ ಹೆಚ್ಚು ನಂಬಬೇಕೆಂದು ಈ ಲೇಖಕನಿಗೆ ತೋರುತ್ತದೆ.

1823ರ ಜನವರಿ 15ರಂದು ದುಬ್ವಾ ಭಾರತವನ್ನು ಬಿಟ್ಟರು. ಕಂಪನಿ ಅವರಿಗೆ ಪಿಂಚಣಿ ಗೊತ್ತುಮಾಡಿತ್ತು. ಪ್ಯಾರಿಸ್ಸಿನಲ್ಲಿ ಅವರು ತಮ್ಮ ಸಂಸ್ಥೆಯ ನಿರ್ದೇಶಕರಲ್ಲೊಬ್ಬರಾದರು. 1836ರಿಂದ 1839ರವರೆಗೆ ಅದರ ಮುಖ್ಯಸ್ಥರಾಗಿದ್ದರು. ಮತಾಂತರ ಅಸಾಧ್ಯವೆಂದು ಸಾರಿದವರೇ ಏಷ್ಯಾದ ದೇಶಗಳಿಗೆ ಹೊರಡುವ ತರುಣ ಪಾದ್ರಿಗಳನ್ನು ಕಳುಹ��ಸಿಕೊಡುವ ಮನೆಯ ಯಜಮಾನರಾದರು. 1826ರಲ್ಲಿ ಅವರು ಪಂಚತಂತ್ರದ ಫ್ರೆಂಚ್ ಅನುವಾದವನ್ನು ಪ್ರಕಟಿಸಿದರು. ಅದಕ್ಕೆ ತಮಿಳು, ತೆಲುಗು, ಕನ್ನಡ ಮೂರೂ ಭಾಷೆಗಳ ಪ್ರತಿಗಳನ್ನು ಬಳಸಿಕೊಂಡಿದ್ದರು. ದುರ್ಗಸಿಂಹನಿಂದ ಮೊದಲ್ಗೊಂಡು ಪಂಚತಂತ್ರಕ್ಕೆ ಕನ್ನಡದಲ್ಲಿರುವ ದೀರ್ಘ ಪರಂಪರೆಯನ್ನು ನೆನೆದರೆ, ಹಳ್ಳಿಗಳ ಜಗಲಿಯ ಮೇಲೆ ಕೇಳುವ ನರಿ ಮೊಸಳೆಗಳ ಕಥೆಗಳು ಹೀಗೆ ಕನ್ನಡದ ಪ್ರತಿಯೊಂದರ ಮೂಲಕವೂ ಪ್ಯಾರಿಸ್ ಮುಟ್ಟಿದ್ದು ನಮ್ಮ ಸಾಹಿತ್ಯಚರಿತ್ರೆಗೆ ಸೇರಬೇಕಾದ ಅಂಶ. ಮೂವತ್ತು ವರ್ಷ ತಾವು ಹೇಳಿದ ಕಥೆಗಳನ್ನು ಕೇಳಿದ ಜನರ ಕಥೆಗಳನ್ನು ಅವರು ಮುದುಕರಾಗುವಾಗ ತಮ್ಮ ಭಾಷೆಗೆ ತಿರುಗಿಸುತ್ತ ಕುಳಿತಿದ್ದರು.

1848ರ ಫೆಬ್ರವರಿ 17ರಂದು, ಪ್ಯಾರಿಸ್ಸಿನಲ್ಲಿ ಇನ್ನೊಂದು ಕ್ರಾಂತಿ ಸಿಡಿಯುವುದಕ್ಕೆ ಐದು ದಿನ ಮೊದಲು, ದುಬ್ವಾ ತೀರಿಕೊಂಡರು. ಆಗ ಅವರಿಗೆ ಎಂಬತ್ತೆರಡು ವರ್ಷ. ರಾಣಿಯರ ಚಿತ್ರವನ್ನು ಬರೆದ ಹಿಕಿಯೇ ಅವರ ಚಿತ್ರವನ್ನೂ ಬರೆದಿದ್ದನು. ಮದರಾಸಿನ ಸಾಹಿತ್ಯ ಸಂಘಕ್ಕೆ ಸೇರಿದ ಆ ಚಿತ್ರದಲ್ಲಿ ಅವರು ರುಮಾಲು ಸುತ್ತಿ, ಬಿಳಿಯ ನಿಲುವಂಗಿ ತೊಟ್ಟು, ಕೋಲು ಹಿಡಿದಿದ್ದಾರೆ. ಅವರು ಪಾಪನಿವೇದನೆ ಕೇಳಿ ಮರಳಿ ಸೇರಿಸಿಕೊಂಡವರ ಚಿತ್ರ ಯಾರೂ ಬರೆಯಲಿಲ್ಲ. ಸಾತಳ್ಳಿಯ ಸುತ್ತಿನ ಊರುಗಳಲ್ಲಿಯೂ ಶ್ರೀರಂಗಪಟ್ಟಣದಲ್ಲಿಯೂ ಪೂಜೆ ಈಗ ಕನ್ನಡದಲ್ಲಿ ನಡೆಯುತ್ತದೆ.